ಸಾಹೇಬ್ರ ಮಗ, ಸಾಹೇಬ್ರ ಮಗಳು

ಸಿಂದಗಿ ಬಸ್ ನಿಲ್ದಾಣದ ಕಡೆಯ ಚಹಾದಂಗಡಿಗಳಲ್ಲಿ ಮೊದಲ ಘಾಣದ ಮಿರ್ಚಿ ಎಣ್ಣೆಗೆ ಬೀಳುವ ಹೊತ್ತಿಗೆ ರಾಜಕೀಯವೂ ಕಾದಿರುತ್ತದೆ. ಹೊಸ ಮುಖವೊಂದರ ಸುದ್ದಿ ಬಂದರೆ ಮೊದಲು ಕೇಳುವುದು ಪಕ್ಷವನ್ನಲ್ಲ. "ಯಾರ ಪೈಕಿ ಅಂವಾ?" ಮುಂಡಾಸಿನ ಹಿರಿಯನೊಬ್ಬ ಬಸಿಯಲ್ಲಿ ಚಹಾ ಆರಿಸುತ್ತಲೇ ಅಪ್ಪನ ಹೆಸರು, ಅಜ್ಜನ ಊರು, ಯಾವ ಚುನಾವಣೆಯಲ್ಲಿ ಯಾರು ಯಾರನ್ನು ಕೆಡವಿದರು ಎಂಬುದನ್ನೆಲ್ಲ ಒಪ್ಪಿಸಿಬಿಡುತ್ತಾನೆ. ಹುಡುಗನ ಸ್ವಂತ ಹೆಸರು ಕೊನೆಗೆ ಬಂದರೆ ಬಂತು.

ಫ್ಲೆಕ್ಸುಗಳ ಲೆಕ್ಕವೂ ಇದೇ. ಮೇಲೆ ಸಾಲಾಗಿ ದೊಡ್ಡವರ ದುಂಡನೆಯ ಮುಖಗಳು, ನಡುವೆ ಕೈಮುಗಿದ ಅಪ್ಪ, ಪಕ್ಕದಲ್ಲಿ ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮಗ. ಮತದಾನ ಮುಗಿದ ವಾರದೊಳಗೆ ಅವು ಕಂಬ ಬಿಟ್ಟು ಹೊಲಕ್ಕೆ ಹೋಗುತ್ತವೆ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಊರಿನ ಹಿತ್ತಿಲು ಹೊಕ್ಕರೂ ಕಣಿಕಿ ಬಣವಿಯ ಮೇಲೆ ಒಂದಾದರೂ ಫ್ಲೆಕ್ಸ್ ಹೊದ್ದಿರುತ್ತದೆ. ನಾಲ್ಕು ಮೂಲೆಗೆ ಕಲ್ಲು, ಮುಖ ಒಳಗೆ, ಬಿಳಿ ಬೆನ್ನು ಹೊರಗೆ. ಮಳೆಗೆ ಅದಕ್ಕಿಂತ ಒಳ್ಳೆಯ ತಾಡಪತ್ರಿ ಪುಕ್ಕಟೆ ಸಿಗುವುದಿಲ್ಲ.

ಸಿಂದಗಿಯಲ್ಲಿ ಎಂ.ಸಿ. ಮನಗೂಳಿ ಅಂದರೆ ಜನ ಮೊದಲು ನೆನೆಯುವುದು ಅವರ ಬರಿಗಾಲನ್ನು. ಗುತ್ತಿ ಬಸವಣ್ಣ ಏತ ನೀರಾವರಿ ಆಗುವತನಕ ಚಪ್ಪಲಿ ಮೆಟ್ಟುವುದಿಲ್ಲ ಎಂದು ಈ ಕರಿಮಣ್ಣಿನಲ್ಲಿ, ಈ ಬಿಸಿಲಿನಲ್ಲಿ ತಿರುಗಿದ ಕಥೆ ಅದು. ನೀರಿನ ಋಣಕ್ಕೆ ಗೋಲಗೇರಿಯಲ್ಲಿ ದೇವೇಗೌಡರ ಪ್ರತಿಮೆಯನ್ನೇ ನಿಲ್ಲಿಸಿದರು. 1994ರಲ್ಲಿ ಗೆದ್ದರು, ಮತ್ತೆ ಗೆಲ್ಲಲು 2018ರವರೆಗೆ ಕಾದರು. ಕುಮಾರಸ್ವಾಮಿ ಸಂಪುಟದಲ್ಲಿ ತೋಟಗಾರಿಕೆ ಮಂತ್ರಿಯಾಗಿ, 2021ರ ಜನವರಿಯಲ್ಲಿ ತೀರಿಕೊಂಡಾಗ ಎಂಬತ್ತು ದಾಟಿದ್ದರು.

ಮಗ ಅಶೋಕ ಮನಗೂಳಿ ಅಪ್ಪನ ಜೆಡಿಎಸ್ ಬಿಟ್ಟು ಕಾಂಗ್ರೆಸ್ಸಿಗೆ ಹೋದರು. ಅಕ್ಟೋಬರ್ 30ರ ಉಪಚುನಾವಣೆಗೆ ದೇವೇಗೌಡರು ಆ ವಯಸ್ಸಿನಲ್ಲೂ ಬಂದು ಸಿಂದಗಿಯಲ್ಲಿ ಠಿಕಾಣಿ ಹೂಡಿದರು. ಪ್ರತಿಮೆ ನಿಲ್ಲಿಸಿದವನ ಮಗನ ಎದುರು, ಪ್ರತಿಮೆಯ ಗೌಡರೇ ಬಂದು ಓಟು ಕೇಳಿದ ಚಿತ್ರ ಈ ನಾಡಿನ ರಾಜಕೀಯದಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಜೆಡಿಎಸ್ಸಿಗೆ ಐದು ಸಾವಿರ ಮತವೂ ಬರಲಿಲ್ಲ. ಅನುಕಂಪ ಇದೆ, ಇದೆ ಎನ್ನುತ್ತಿದ್ದ ಅಶೋಕ ಅವರೂ ಬಿಜೆಪಿಯ ರಮೇಶ ಭೂಸನೂರರ ಎದುರು 31 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಪ್ಪ ಸತ್ತ ವರ್ಷವೇ ಅಪ್ಪನ ಹೆಸರು ಕೈಕೊಟ್ಟಿತ್ತು. ಅದೇ ಭೂಸನೂರರನ್ನು ಅವರು ಮಣಿಸಿದ್ದು 2023ರಲ್ಲಿ. ಆ ಗೆಲುವನ್ನು ಮಾತ್ರ ನಾನು ಮಗನ ಖಾತೆಗೇ ಬರೆಯುತ್ತೇನೆ.

ಬಸವನ ಬಾಗೇವಾಡಿಯ ಕಥೆ ಹೊಳೆ ದಾಟುತ್ತದೆ. ಮನಗೂಳಿಯವರ ಜೊತೆ ಅದೇ ಸಂಪುಟದಲ್ಲಿ ಆರೋಗ್ಯ ಮಂತ್ರಿಯಾಗಿದ್ದ ಶಿವಾನಂದ ಪಾಟೀಲರು ಇಲ್ಲಿಂದ 2013, 2018, 2023 ಹೀಗೆ ಬೆನ್ನುಬೆನ್ನಿಗೆ ಗೆದ್ದವರು. ಈಗಿನ ಸರ್ಕಾರದಲ್ಲಿ ಸಕ್ಕರೆ, ಜವಳಿ ಖಾತೆ ಹಿಡಿದವರು. ಅವರ ಮಗಳು ಸಂಯುಕ್ತಾ ಪಾಟೀಲರಿಗೆ 2024ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಕ್ಕಿದ್ದು ಆಚೆ ದಂಡೆಯ ಬಾಗಲಕೋಟೆಗೆ. ಅಲ್ಲಿ 2019ರಲ್ಲಿ ಸ್ಪರ್ಧಿಸಿದ್ದ, ಹುನಗುಂದ ಶಾಸಕರ ಪತ್ನಿ ವೀಣಾ ಕಾಶಪ್ಪನವರ ಟಿಕೆಟ್ ತಪ್ಪಿದ್ದಕ್ಕೆ ಕಣ್ಣೀರಿಟ್ಟರು. "ಹೊರಗಿನಾಕಿ" ಎಂಬ ಮಾತು ಊರೂರಿಗೆ ಹಬ್ಬಿತು.

ಹೊರಗಿನಾಕಿ ಹೇಗೋ! 1997ರವರೆಗೆ ಎರಡೂ ಒಂದೇ ಬಿಜಾಪುರ ಜಿಲ್ಲೆ. ಬೀಗಸ್ತನ, ಜಾತ್ರೆ, ಎತ್ತಿನ ಪ್ಯಾಟಿ ಯಾವುದೂ ಕೃಷ್ಣೆಯನ್ನು ಗಡಿ ಎಂದು ಎಣಿಸಿಲ್ಲ. ಬಾಗೇವಾಡಿಯ ಬಸವಣ್ಣನೇ ಅಪ್ಪನ ಮನೆಯ ಜನಿವಾರ ಬೇಡವೆಂದು ಈ ಹೊಳೆ ದಾಟಿ ಕೂಡಲಸಂಗಮಕ್ಕೆ ನಡೆದವನು. ವ್ಯತ್ಯಾಸ ಇಷ್ಟೇ: ಅವನು ಅಪ್ಪನ ಮನೆ ಬಿಟ್ಟು ಹೋದ, ನಮ್ಮ ಕಾಲದ ಮಕ್ಕಳು ಅಪ್ಪನ ಹೆಸರನ್ನು ಗಾಡಿಯ ಮುಂದೆ ಕಟ್ಟಿಕೊಂಡು ಹೋಗುತ್ತಾರೆ. ಇನ್ನೊಂದು ಮಾತೂ ಇದೆ. ಆಲಮಟ್ಟಿ ಅಣೆಕಟ್ಟೆ ಇರುವುದು ಬಾಗೇವಾಡಿ ಸೀಮೆಯಲ್ಲಿ. ಅದರ ಹಿನ್ನೀರು ನುಂಗಿದ್ದು ಬಾಗಲಕೋಟೆಯ ಹಳೆ ಪೇಟೆಯನ್ನು. ಓಣಿ ಕಳೆದುಕೊಂಡು ನವನಗರದ ಸೆಕ್ಟರುಗಳಿಗೆ ಸಾಮಾನು ಸಾಗಿಸಿದ ಮುದುಕಿಯರ ಮುಂದೆ ಆ ಕಡೆಯ ಮಗಳು ಓಟು ಕೇಳುವುದು ಅಷ್ಟು ಸುಲಭದ ಮಾತಲ್ಲ.

ಆ ಮೇ ತಿಂಗಳ ಪ್ರಚಾರವನ್ನು ನೆನೆದರೆ ಈಗಲೂ ನೆತ್ತಿ ಸುಡುತ್ತದೆ. ಹತ್ತು ಗಂಟೆಗೇ ಓಣಿ ಖಾಲಿ, ಕಟ್ಟೆಯ ಕಲ್ಲಿನ ಮೇಲೆ ಕೂಡಲಾಗದು. ಇಂಥ ಬಿಸಿಲಲ್ಲಿ ಹೆಣ್ಣು ಅಭ್ಯರ್ಥಿ ಬಂದಳೆಂದರೆ ನಮ್ಮ ಕಡೆ ಗಂಡಸರು ಹಾರ ಹಿಡಿದು ನಿಲ್ಲುತ್ತಾರೆ, ಹೆಂಗಸರು ತಂಬಿಗೆ ಹಿಡಿದು. "ನೀರ ಕುಡಿಯವ್ವಾ ಮೊದ್ಲ, ಮಾತ ಆಮ್ಯಾಲ." ಕುಡಿದಾದ ಮೇಲೆ ಗಲ್ಲ ಸವರಿ ಕೇಳುವುದು ಮತ್ತೆ ಅದೇ: "ಯಾರ ಮಗಳ ನೀ?"

ಬಿಜೆಪಿಯ ಪಿ.ಸಿ. ಗದ್ದಿಗೌಡರ 2004ರಿಂದ ಸೋಲದವರು. ಐದನೇ ಸಲವೂ ಗೆದ್ದರು. ಅಂತರ 68,399. ಹಿಂದಿನ ಸಲ ಅದು 1.68 ಲಕ್ಷ ಇತ್ತು. ಆ ಒಂದು ಲಕ್ಷವನ್ನು ಕರಗಿಸಿದ್ದು ಅಪ್ಪನ ಮಂತ್ರಿಗಿರಿಯೋ, ಗ್ಯಾರಂಟಿಗಳೋ, ಎಂಟರಲ್ಲಿ ಐದು ಕಡೆ ಇದ್ದ ಕಾಂಗ್ರೆಸ್ ಶಾಸಕರೋ, ಮಗಳ ಓಡಾಟವೋ ಎಂಬ ಜಗಳ ಹರಿದಿಲ್ಲ. ಆ ಚುನಾವಣೆಯಲ್ಲಿ ಕಣಕ್ಕಿಳಿದ ಮಂತ್ರಿಗಳ ಮಕ್ಕಳಲ್ಲಿ ಪ್ರಿಯಾಂಕಾ ಜಾರಕಿಹೊಳಿ, ಸಾಗರ ಖಂಡ್ರೆ, ಸುನಿಲ್ ಬೋಸ್ ದಿಲ್ಲಿಗೆ ಹೋದರು. ಮೃಣಾಲ್ ಹೆಬ್ಬಾಳ್ಕರ್, ಸೌಮ್ಯಾ ರೆಡ್ಡಿ, ಸಂಯುಕ್ತಾ ಮನೆಗೆ ಬಂದರು. ಅಪ್ಪ-ಅವ್ವನ ಗೂಟದ ಕಾರು ಟಿಕೆಟ್ಟಿನ ಬಾಗಿಲವರೆಗೆ ಬಿಡುತ್ತದೆ, ಮುಂದಿನದು ನಡಿಗೆ.

ಅಶೋಕ ಮನಗೂಳಿಯವರಿಗೆ ಎರಡನೇ ಸಲ ಬೇಗ ಬಂತು, ಅದೂ ಅಪ್ಪನ ಊರಿನಲ್ಲೇ. ಸಂಯುಕ್ತಾರಿಗೆ ಬರುವುದು ಹೊಳೆಯ ಈ ದಂಡೆಗೋ ಆ ದಂಡೆಗೋ ಎಂದು ಬಾಗೇವಾಡಿಯ ಕಟ್ಟೆಗಳಲ್ಲಿ ಪಂಥ ಕಟ್ಟುವವರಿಗೆ ಬರವಿಲ್ಲ.