ಸರ್ಧನಾದ ನಕ್ಷೆಗಾರ, ಹೈದರಾಬಾದಿನ ರಾಜಾ

ನಿಜಾಮರ ಕಾಲದಲ್ಲಿ ಹೊರಗಿನಿಂದ ಬಂದ ಕಸುಬುದಾರ ಹೈದರಾಬಾದಿನಲ್ಲಿ ಮೇಲೇರಬೇಕಾದರೆ ದರ್ಬಾರು ಮೆಚ್ಚಬೇಕಿತ್ತು. ಹಾಗೆ ಏರಿದವರಲ್ಲಿ ನನಗೆ ಪೂಜ್ಯರು ಛಾಯಾಗ್ರಾಹಕ ಲಾಲಾ ದೀನ್ ದಯಾಳ್. ನಾನೂ ಸಿಕಂದರಾಬಾದಿನಲ್ಲಿ ಸ್ಟುಡಿಯೊ ಇಟ್ಟುಕೊಂಡವನು. ಮದುವೆ ಫೋಟೊ, ಪಾಸ್‌ಪೋರ್ಟ್ ಫೋಟೊ ತೆಗೆದು ಮಕ್ಕಳನ್ನು ಓದಿಸಿದವನು. ಈ ಊರಲ್ಲಿ ನಮ್ಮ ಕಸುಬಿಗೆ ಮರ್ಯಾದೆ ತಂದುಕೊಟ್ಟವರು ಅವರೇ.

ಹುಟ್ಟಿದ್ದು 1844ರಲ್ಲಿ, ಮೀರಠ್ ಹತ್ತಿರದ ಸರ್ಧನಾದ ಜೈನ ಮನೆತನದಲ್ಲಿ. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ, ಅಂದಾಜುಪಟ್ಟಿ ತಯಾರಿಸುವ ನೌಕರಿ ಹಿಡಿದರು. ಕ್ಯಾಮೆರಾ ಕೈಗೆ ಬಂದಾಗ ವಯಸ್ಸು ಮೂವತ್ತು. 1880ರ ದಶಕದಲ್ಲಿ ಸರ್ಕಾರಿ ಸಂಬಳ ಬಿಟ್ಟು ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ಸಂಸಾರವಂದಿಗರಿಗೆ ಅದು ಎಂಥ ಧೈರ್ಯವೆಂದು ಅಂಗಡಿ ಬಾಡಿಗೆ ಕಟ್ಟಿದವರಿಗೆ ಗೊತ್ತು.

ಚಿತ್ರ ಮೂಡುತ್ತಿದ್ದದ್ದು ಗಾಜಿನ ಫಲಕದ ಮೇಲೆ. ಮರದ ದೊಡ್ಡ ಕ್ಯಾಮೆರಾ, ಮುಕ್ಕಾಲಿ, ಫಲಕಗಳ ಪೆಟ್ಟಿಗೆ ಎಲ್ಲವನ್ನೂ ಹೊತ್ತು ಸಾಗಬೇಕು. ಗಾಜು ಒಡೆದರೆ ದುಡಿಮೆಯೇ ಹೋಯಿತು. ಅವರು ತೆಗೆದ ಅರಮನೆಗಳ ಚಿತ್ರ ನೋಡಿ, ಒಂದು ಕಂಬವೂ ವಾಲಿಲ್ಲ. ನಕ್ಷೆ ಎಳೆದ ಕಣ್ಣು ಅದು. ನಿಜಾಮರ ಬೇಟೆಯನ್ನು ತೆಗೆದ ಕ್ಯಾಮೆರಾ ಬರಗಾಲದ ಪರಿಹಾರ ಕಾಮಗಾರಿಯನ್ನೂ ತೆಗೆಯಿತು. ನನಗೆ ಆ ಬರದ ಚಿತ್ರಗಳೇ ಹೆಚ್ಚು.

1892ರಲ್ಲಿ ಪರದೆಯ ಹೆಂಗಸರಿಗಾಗಿ ಎತ್ತರದ ಗೋಡೆಯೊಳಗೆ ಜನಾನಾ ಸ್ಟುಡಿಯೊ ಮಾಡಿದರು. ಅಲ್ಲಿ ಚಿತ್ರ ತೆಗೆಯುತ್ತಿದ್ದವರು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಗಿರಾಕಿಯ ಸಂಕೋಚ ಅರಿತು ಅಂಗಡಿ ಕಟ್ಟುವುದೆಂದರೆ ಇದು.

ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಇವರಿಗೆ ‘ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್’ ಎಂಬ ಬಿರುದು ಕೊಟ್ಟರು. 1897ರಲ್ಲಿ ವಿಕ್ಟೋರಿಯಾ ರಾಣಿಯ ಮನ್ನಣೆಯೂ ಬಂತು. ತೀರಿಕೊಂಡದ್ದು 1905ರಲ್ಲಿ. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವರ 2,857 ಗಾಜಿನ ನೆಗೆಟಿವ್‌ಗಳನ್ನು ಕೊಂಡುಕೊಂಡಿತು.

ಕಲಬುರಗಿ, ಬೀದರ, ರಾಯಚೂರು ಆಗ ಇದೇ ನಿಜಾಮರ ರಾಜ್ಯದಲ್ಲಿದ್ದವು. ಆ ಕಡೆಯ ಹಳೆಯ ಮನೆಗಳವರಲ್ಲಿ ನನ್ನದೊಂದು ವಿನಂತಿ: ಟ್ರಂಕಿನಲ್ಲಿ ಅಜ್ಜ-ಮುತ್ತಜ್ಜರ ಫೋಟೊ ಇದ್ದರೆ, ರಟ್ಟಿನ ಅಂಚಿನಲ್ಲಿ, ಹಿಂಬದಿಯಲ್ಲಿ ಸ್ಟುಡಿಯೊ ಹೆಸರು ಇದೆಯೇ ನೋಡಿ. ರಟ್ಟು ಹಾಳಾಗಿದೆಯೆಂದು ಕಿತ್ತೆಸೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ.