ಹೆಸರು ಬೇಡ, ನಂಬರ್ ಸಾಕು

ಆರಂಭದ ವೆಬ್‌ಗೆ ನೆನಪಿನ ಶಕ್ತಿ ಇರಲಿಲ್ಲ. ಒಂದು ಪುಟ ನೋಡಿದವರೇ ಮರುಕ್ಷಣ ಇನ್ನೊಂದು ಪುಟ ಕೇಳಿದರೂ ಸರ್ವರ್‌ಗೆ ಅವರು ಹೊಸಬರೇ. ಆನ್‌ಲೈನ್ ಅಂಗಡಿ ನಡೆಸಬೇಕೆಂದವರಿಗೆ ಇದು ದೊಡ್ಡ ತಲೆನೋವು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದಕ್ಕೆ ಕಂಡುಕೊಂಡ ಉಪಾಯವೇ ಕುಕಿ, ಅಂದರೆ ಸೈಟು ಬ್ರೌಸರ್‌ನಲ್ಲಿ ಇಟ್ಟುಹೋಗುವ ಪುಟ್ಟ ಗುರುತುಚೀಟಿ. ಪ್ರತಿ ಬ್ರೌಸರ್‌ಗೂ ಒಂದು ಕಾಯಂ ನಂಬರ್ ಕೊಡುವ ಸುಲಭದ ದಾರಿಯೂ ಇತ್ತು; ಆದರೆ ಆ ನಂಬರ್ ಹಿಡಿದು ಯಾವ ಸೈಟ್ ಬೇಕಾದರೂ ಜನರ ಬೆನ್ನು ಹತ್ತಬಹುದೆಂದು ಮಾಂಟುಲಿ ಅದನ್ನು ಕೈಬಿಟ್ಟರು. ಕುಕಿ ಹಾಗಲ್ಲ, ಕೊಟ್ಟ ಸೈಟಿಗೆ ಮಾತ್ರ ಅದು ಮರಳುತ್ತದೆ.

ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಕೆಲಸ ಮಾಡುವುದೂ ಹೀಗೆಯೇ. ಭಕ್ತರ ಹೆಸರು, ಊರು ಯಾರೂ ಕೇಳುವುದಿಲ್ಲ; ನಂಬರ್ ತೋರಿಸಿದರೆ ಚಪ್ಪಲಿ ಸಿಗುತ್ತದೆ. ಈಗ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು ಎಲ್ಲ ಕಡೆಯ ಸ್ಟ್ಯಾಂಡುಗಳೂ ಒಬ್ಬನೇ ಗುತ್ತಿಗೆದಾರನ ಕೈಗೆ ಬಂದವು, ಒಮ್ಮೆ ಕೊಟ್ಟ ಟೋಕನ್ನೇ ಎಲ್ಲೆಡೆ ನಡೆಯುತ್ತದೆ ಎಂದುಕೊಂಡರೆ? ಯಾವ ಟೋಕನ್ ಯಾವ ದಿನ ಎಲ್ಲಿತ್ತು, ಎಷ್ಟು ಹೊತ್ತು ಇತ್ತು ಎಂಬುದೆಲ್ಲ ಅವನ ಪುಸ್ತಕದಲ್ಲಿರುತ್ತದೆ, ಹೆಸರೊಂದನ್ನು ಬಿಟ್ಟು. ಜಾಹೀರಾತು ಕಂಪನಿಗಳು ಮಾಡಿದ್ದು ಇದನ್ನೇ. ಸುದ್ದಿ ಪುಟದ ಜಾಹೀರಾತು ಬರುವುದು ಸುದ್ದಿ ಸಂಸ್ಥೆಯ ಸರ್ವರ್‌ನಿಂದಲ್ಲ, ಜಾಹೀರಾತು ಕಂಪನಿಯಿಂದ. ಅದು ತನ್ನದೇ ಕುಕಿ ಇಟ್ಟು ಹೋಗುತ್ತದೆ. ಸೀರೆ ಅಂಗಡಿಯ ಪುಟದಲ್ಲೂ ಅದೇ ಕಂಪನಿಯ ಜಾಹೀರಾತಿದ್ದರೆ ಎರಡೂ ಭೇಟಿಗಳು ಒಂದೇ ಲೆಕ್ಕಕ್ಕೆ ಸೇರುತ್ತವೆ. ಸಫಾರಿ 2020ರಿಂದ ಇಂಥ ಹೊರಗಿನ ಕುಕಿಗಳನ್ನು ಪೂರ್ತಿ ತಡೆಯುತ್ತಿದೆ. ಅವನ್ನು ಕ್ರೋಮ್‌ನಿಂದ ತೆಗೆಯುವುದಾಗಿ ವರ್ಷಗಟ್ಟಲೆ ಹೇಳುತ್ತ ಬಂದ ಗೂಗಲ್ 2024ರಲ್ಲಿ ಮಾತು ಬದಲಿಸಿತು. ಅದರ ಆದಾಯದ ಬಹುಪಾಲು ಜಾಹೀರಾತಿನದೇ ಆದ್ದರಿಂದ ಇದರಲ್ಲಿ ಅಚ್ಚರಿಯೇನಿಲ್ಲ.

ಫೋನಿನಲ್ಲಿ ನಂಬರುಗಳು ಇನ್ನೂ ಹೆಚ್ಚು. *#06# ಒತ್ತಿದರೆ ಕಾಣುವ 15 ಅಂಕಿಯ ಐಎಂಇಐ ಸಿಮ್ ಬದಲಿಸಿದರೂ ಬದಲಾಗದು. ಆಂಡ್ರಾಯ್ಡ್ 10ರಿಂದೀಚೆಗೆ ಸಾಮಾನ್ಯ ಆ್ಯಪ್‌ಗಳು ಅದನ್ನು ಓದುವಂತಿಲ್ಲ. ಅವುಗಳಿಗಾಗಿ ಬಂದದ್ದು ಜಾಹೀರಾತು ಐಡಿ: ಆ್ಯಪಲ್‌ನದು 2012ರಲ್ಲಿ, ಗೂಗಲ್‌ನದು 2013ರಲ್ಲಿ. ಇದನ್ನು ಬಳಕೆದಾರರೇ ಬದಲಿಸಬಹುದು. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಅಳಿಸಲೂಬಹುದು. 2021ರಿಂದ ಐಫೋನ್ ಆ್ಯಪ್‌ಗಳು ಅದನ್ನು ಓದುವ ಮೊದಲು ಅನುಮತಿ ಕೇಳಲೇಬೇಕು.

ನಂಬರನ್ನೇ ಕೊಡದಿದ್ದರೂ ಗುರುತು ಹಿಡಿಯುವ ದಾರಿ ಇದೆ. 33 ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಸುಮಾರು 859 ಕೋಟಿ, ಜಗತ್ತಿನ ಜನಸಂಖ್ಯೆಗಿಂತ ಹೆಚ್ಚು. ಎಂದರೆ ಹೌದು-ಅಲ್ಲ ಎಂಬ 33 ಉತ್ತರಗಳು ಸರಿಯಾಗಿ ಸಿಕ್ಕರೆ ಭೂಮಿಯ ಮೇಲಿನ ಯಾರನ್ನಾದರೂ ಬೇರ್ಪಡಿಸಬಹುದು. ಪರದೆಯ ಅಳತೆ, ಸಮಯ ವಲಯ, ಬ್ರೌಸರ್ ಆವೃತ್ತಿ, ಹಾಕಿಕೊಂಡ ಫಾಂಟುಗಳು, ಹೀಗೆ ಒಂದೊಂದೂ ಒಂದಿಷ್ಟು ಉತ್ತರ ಕೊಡುತ್ತದೆ. ನುಡಿ, ಬರಹ ಎರಡರ ಫಾಂಟುಗಳೂ ಇರುವ ಕಂಪ್ಯೂಟರ್ ಜಗತ್ತಿನ ಗುಂಪಿನಲ್ಲಿ ಅಡಗುವುದು ಕಷ್ಟ. 2010ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ಪೀಟರ್ ಎಕರ್ಸ್ಲಿ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ ಶೇ 83.6ರಷ್ಟಕ್ಕೆ ಜೋಡಿಯೇ ಸಿಗಲಿಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದದ್ದು ಮೊಬೈಲ್ ನಂಬರ್. ಫೋನ್ ಬದಲಾದರೂ ಜನ ನಂಬರ್ ಬಿಡುವುದಿಲ್ಲ. ಒಟಿಪಿಗಾಗಿ ಎಲ್ಲರಿಗೂ ಅದನ್ನೇ ಕೊಡುತ್ತಾರೆ. ನಂಬರನ್ನು ಹ್ಯಾಶ್ ಮಾಡಿ, ಅಂದರೆ ಗಣಿತದ ಸೂತ್ರದಿಂದ ಗುರುತು ಸಿಗದ ಅಕ್ಷರಮಾಲೆಯಾಗಿಸಿ, ಹಂಚಿಕೊಳ್ಳುತ್ತೇವೆ ಎಂದು ಕಂಪನಿಗಳು ಧೈರ್ಯ ಹೇಳುವುದುಂಟು. ಆ ಧೈರ್ಯಕ್ಕೆ ಹೆಚ್ಚು ಬೆಲೆಯಿಲ್ಲ. 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ನಂಬರುಗಳು ಒಟ್ಟು 400 ಕೋಟಿ ಮಾತ್ರ. ಅಷ್ಟನ್ನೂ ಅದೇ ಸೂತ್ರಕ್ಕೆ ಹಾಕಿ ಹೋಲಿಸಿ ನೋಡಲು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗೆ ಕೆಲವೇ ನಿಮಿಷ ಸಾಕು. ಬಿಲ್ ಕೊಡಲು ಗ್ರಾಹಕರ ಮೊಬೈಲ್ ನಂಬರ್‌ಗೆ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚಿಸಿದೆ.