ನಿಮಗಿದು ಗೊತ್ತೇ? ಬೋರಲು ಹಾಕಿದ ಫೋನೂ ಸುಮ್ಮನಿರದು!

ಉಷ್ಟ್ರಪಕ್ಷಿಯ ಕಣ್ಣು ಅದರ ಮಿದುಳಿಗಿಂತ ದೊಡ್ಡದು! ನಾಳೆಯೂ ಇದು ನಿಮಗೆ ನೆನಪಿರುತ್ತದೆಯೇ? ‘ಬೇಕಾದಾಗ ಗೂಗಲ್‌ನಲ್ಲಿ ನೋಡಿದರಾಯಿತು’ ಅಂದುಕೊಂಡಿರೋ, ಮರೆಯುವ ಸಂಭವವೇ ಹೆಚ್ಚು!

ಇದನ್ನು 2011ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಬೆಟ್ಸಿ ಸ್ಪ್ಯಾರೋ ಮತ್ತು ಜೊತೆಗಾರರು. ಇಂಥ 40 ಚಿಲ್ಲರೆ ಸಂಗತಿಗಳನ್ನು ಜನರ ಕೈಯಲ್ಲಿ ಕಂಪ್ಯೂಟರಿಗೆ ಟೈಪ್ ಮಾಡಿಸಿದರು. ಅರ್ಧ ಜನಕ್ಕೆ ‘ಇದು ಸೇವ್ ಆಗಿರುತ್ತದೆ’ ಎಂದರು. ಉಳಿದವರಿಗೆ ‘ಅಳಿಸಿಹೋಗುತ್ತದೆ’ ಎಂದರು. ಆಮೇಲೆ ನೆನಪಿದ್ದಷ್ಟು ಬರೆಯಲು ಹೇಳಿದರೆ, ಅಳಿಸಿಹೋಗುತ್ತದೆ ಎಂದು ನಂಬಿದವರೇ ಮುಂದು!

ಇನ್ನೊಂದು ಸುತ್ತು ಇದಕ್ಕಿಂತ ಸೊಗಸು. ಒಂದೊಂದು ವಾಕ್ಯವನ್ನೂ ಒಂದೊಂದು ಫೋಲ್ಡರಿಗೆ ಹಾಕಲಾಯಿತು. ವಾಕ್ಯ ಏನಿತ್ತು? ಹೆಚ್ಚಿನವು ಮರೆತೇಹೋಗಿದ್ದವು. ಯಾವ ಫೋಲ್ಡರಿನಲ್ಲಿದೆ? ಅದು ವಾಕ್ಯಕ್ಕಿಂತ ಚೆನ್ನಾಗಿ ನೆನಪಿತ್ತು! ಡಬ್ಬ ಯಾವ ಗೂಡಿನಲ್ಲಿದೆ ಅಂತ ಗೊತ್ತು, ಒಳಗೆ ಬೇಳೆಯೋ ಬೆಲ್ಲವೋ ಗೊತ್ತಿಲ್ಲ!

ಫೋನು ಸದ್ದು ಮಾಡದಿದ್ದರೂ ಗಮನ ಕದಿಯುತ್ತದೆಯೇ? 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ತಂಡ ಸುಮಾರು 800 ಮಂದಿಗೆ ತಲೆ ಓಡಿಸುವ ಪರೀಕ್ಷೆ ಕೊಟ್ಟಿತು. ಕೆಲವರ ಫೋನು ಮೇಜಿನ ಮೇಲೆ ಬೋರಲಾಗಿ, ಕೆಲವರದು ಜೇಬಿನಲ್ಲಿ, ಚೀಲದಲ್ಲಿ. ಇನ್ನು ಕೆಲವರದು ಬೇರೆ ಕೋಣೆಯಲ್ಲಿ. ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಬೇರೆ ಕೋಣೆಯಲ್ಲಿ ಬಿಟ್ಟುಬಂದವರೇ ಚೆನ್ನಾಗಿ ಮಾಡಿದರು! ಮುಂದೆ ಇಂಥ ಎಲ್ಲ ಪ್ರಯೋಗಗಳಲ್ಲೂ ಇದೇ ಫಲ ಬರಲಿಲ್ಲ, ನಿಜ. ಆದರೂ ಮಕ್ಕಳು ಓದಲು ಕೂತಾಗ ಫೋನು ಪಕ್ಕದ ಕೋಣೆಗೆ ಹೋದರೆ ನಷ್ಟವೇನು?

ಒಂದೇ ಪರದೆಯ ಮೇಲೆ ನಮ್ಮ ಕಣ್ಣು ಎಷ್ಟು ಹೊತ್ತು ನಿಲ್ಲುತ್ತದೆ? ಕ್ಯಾಲಿಫೋರ್ನಿಯಾದ ಸಂಶೋಧಕಿ ಗ್ಲೋರಿಯಾ ಮಾರ್ಕ್ 2004ರಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದಾಗ ಸರಾಸರಿ ಎರಡೂವರೆ ನಿಮಿಷ. ಇತ್ತೀಚಿನ ವರ್ಷಗಳ ಅಳತೆಯಲ್ಲಿ ಬರೀ 47 ಸೆಕೆಂಡು! ಬೇರೆಯವರು ಕರೆದರು, ಮೆಸೇಜು ಬಂತು ಅಂತ ದೂರುವ ಹಾಗೂ ಇಲ್ಲ. ಹೆಚ್ಚುಕಡಿಮೆ ಅರ್ಧ ಸಲ ನಾವೇ ಕೆಲಸ ಬಿಟ್ಟು ಬೇರೆಡೆಗೆ ಹಾರುತ್ತೇವಂತೆ!

ಬೆರಳಾಡಿಸಿದಷ್ಟೂ ಮುಗಿಯದ ಪುಟ ಇದೆಯಲ್ಲ, ಅದನ್ನು 2006ರಲ್ಲಿ ರೂಪಿಸಿದ್ದು ಏಜಾ ರಾಸ್ಕಿನ್. ಆಪಲ್‌ನಲ್ಲಿ ಮ್ಯಾಕಿಂಟಾಷ್ ಯೋಜನೆ ಶುರುಮಾಡಿದ ಜೆಫ್ ರಾಸ್ಕಿನ್ ಅವರ ಮಗ! ಜನರ ಹೊತ್ತು ನುಂಗುವುದನ್ನು ಕಂಡು, ಇಂಥದ್ದನ್ನು ಯಾಕಾದರೂ ಮಾಡಿದೆನೋ ಎಂದು ಆಮೇಲೆ ಅವರೇ ನೊಂದುಕೊಂಡರು!

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಜಾಣತನ ಹೆಚ್ಚುತ್ತದೆಯೋ ಇಲ್ಲವೋ, ಜಾಣರೆಂಬ ನಂಬಿಕೆಯಂತೂ ಹೆಚ್ಚುತ್ತದೆ! ಪ್ಯಾಂಟಿನ ಜಿಪ್ ಹೇಗೆ ಕೆಲಸ ಮಾಡುತ್ತದೆ ಎಂಬಂಥ ಪ್ರಶ್ನೆಗಳಿಗೆ ಯೇಲ್ ವಿಶ್ವವಿದ್ಯಾಲಯದವರು ಜನರಿಂದ ಉತ್ತರ ಹುಡುಕಿಸಿದರು. ಹುಡುಕಿದವರಿಗೆ ಅದಕ್ಕೆ ಸಂಬಂಧವೇ ಇಲ್ಲದ ವಿಷಯಗಳೂ ತಮಗೆ ಚೆನ್ನಾಗಿ ಗೊತ್ತು ಅನ್ನಿಸಿತ್ತು! ಇದು 2015ರ ಮಾತು.

ಮನುಷ್ಯನ ಗಮನ ಎಂಟೇ ಸೆಕೆಂಡು, ಬಂಗಾರದ ಮೀನಿನದು ಒಂಬತ್ತು ಅಂತ ಕೇಳಿದ್ದೀರಾ? 2015ರಲ್ಲಿ ಮೈಕ್ರೋಸಾಫ್ಟ್ ಕೆನಡಾದ ವರದಿಯೊಂದರಿಂದ ಈ ಮಾತು ಜಗತ್ತೆಲ್ಲ ಸುತ್ತಿತು. ಬಿಬಿಸಿಯವರು ಮೂಲ ಹುಡುಕುತ್ತ ಹೋದರೆ ಆಧಾರವೇ ಸಿಗಲಿಲ್ಲ! ಬಂಗಾರದ ಮೀನೇನು ಕಡಿಮೆಯೇ? ಪಳಗಿಸಿದರೆ ಕಲಿತದ್ದನ್ನು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ!